ಮೂವತ್ತೇಳಕ್ಕೆ ಶುರು ಮಾಡಿದಾಕೆ

‘ಈ ವಯಸ್ಸಿನ್ಯಾಗ ಇನ್ನೇನ್ ಕಂಪ್ಯೂಟರ್ ಕಲೀತೀರಿ ವೈನಿ? ಮಕ್ಕಳು ಕಲಿತ್ರ ಸಾಕಲ್ಲ!’

ದೀಪಾವಳಿಗೆ ತಿಕೋಟಾದಿಂದ ಬಂದಿದ್ದ ನಾದಿನಿ ಕರ್ಚಿಕಾಯಿಗೆ ಹೂರಣ ತುಂಬುತ್ತ ಹೀಗಂದಾಗ ನನಗೆ ಸಿಟ್ಟೇನೂ ಬರಲಿಲ್ಲ. ಯಾಕೆಂದರೆ ಅದೇ ಮಾತನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡವಳು. ಎರಡು ವರ್ಷದ ಹಿಂದೆ, ಮೂವತ್ತನಾಲ್ಕು ತುಂಬಿದಾಗ, ಇಲ್ಲೇ ವಿಜಯಪುರದಲ್ಲಿ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೆ. ಬಿ.ಎ. ಓದಿ ಹದಿನಾಲ್ಕು ವರ್ಷವಾಗಿತ್ತು. ಜೊತೆಗಿದ್ದವರೆಲ್ಲ ಆಗ ತಾನೇ ಪಿಯುಸಿ ಮುಗಿಸಿದ ಹುಡುಗ ಹುಡುಗಿಯರು. ಬರೆದದ್ದನ್ನು ‘ಸೇವ್’ ಮಾಡಿದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದೆ ನೋಡಿ, ಇಡೀ ಕ್ಲಾಸು ನಕ್ಕಿತು. ಕಲಿಸುವ ಹುಡುಗನೂ ನಕ್ಕ. ‘ಆಂಟಿ, ಅದನ್ನೆಲ್ಲ ನಿಮ್ಮ ಮಗನ್ನ ಕೇಳ್ರಿ’ ಅಂದ. ಒಂಬತ್ತನೇ ದಿನದಿಂದ ನಾನು ಹೋಗಲಿಲ್ಲ. ಕಟ್ಟಿದ ಫೀಜೂ ಹೋಯಿತು. ಮನೆಯಲ್ಲಿ ಯಾರಿಗೂ ಕಾರಣ ಹೇಳಲಿಲ್ಲ, ಸೊಂಟ ನೋವು ಅಂದುಬಿಟ್ಟೆ.

ಗೆಳತಿಯರೇ, ನಿಮ್ಮಲ್ಲೂ ಹೀಗೆ ‘ಸೊಂಟ ನೋವು’ ಅಂತ ಹೇಳಿ ಎದ್ದು ಬಂದವರು ಇರಬಹುದು ಅಲ್ವಾ? ಅವರಿಗಾಗಿಯೇ ಈ ವಾರ ಒಬ್ಬ ಹೆಂಗಸಿನ ಕಥೆ ಹೇಳುತ್ತೇನೆ. ಹೆಸರು ಗ್ರೇಸ್ ಹಾಪರ್. ಅಮೆರಿಕದವಳು. ಕಂಪ್ಯೂಟರ್ ಎಂಬ ಯಂತ್ರವನ್ನು ಆಕೆ ಮೊದಲ ಸಲ ಕಣ್ಣಾರೆ ಕಂಡದ್ದು ಮೂವತ್ತೇಳನೇ ವಯಸ್ಸಿನಲ್ಲಿ. ಅಂಕಿಗಳ ಭಾಷೆ ಬಿಟ್ಟು ಬೇರೇನೂ ತಿಳಿಯದ ಆ ಯಂತ್ರಕ್ಕೆ ಮನುಷ್ಯರ ಮಾತು ಅರ್ಥವಾಗುವಂತೆ ಮಾಡಬೇಕು ಅಂತ ಹಟ ಹಿಡಿದವಳೂ ಆಕೆಯೇ.

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕಿನಲ್ಲಿ. ಏಳು ವರ್ಷದವಳಿದ್ದಾಗ ಅಲಾರಾಂ ಗಡಿಯಾರದೊಳಗೆ ಏನಿದೆ ನೋಡೋಣ ಅಂತ ಒಂದನ್ನು ಬಿಚ್ಚಿದಳಂತೆ. ಮತ್ತೆ ಜೋಡಿಸಲು ಬರಲಿಲ್ಲ. ನೋಡಿ ಜೋಡಿಸೋಣ ಅಂತ ಇನ್ನೊಂದು ಬಿಚ್ಚಿದಳು, ಆಮೇಲೆ ಮತ್ತೊಂದು. ಬೇಸಿಗೆ ಕಳೆಯಲು ಹೋಗುತ್ತಿದ್ದ ದೊಡ್ಡ ಮನೆ ಅದು, ಕೋಣೆಗೊಂದು ಗಡಿಯಾರ. ಅಮ್ಮನಿಗೆ ಗೊತ್ತಾಗುವ ಹೊತ್ತಿಗೆ ಏಳೂ ಗಡಿಯಾರಗಳ ಹೊಟ್ಟೆ ಹೊರಗಿತ್ತು! ಆ ತಾಯಿ ಏನು ಮಾಡಿದಳು ಗೊತ್ತೇ? ಇನ್ನು ಮೇಲೆ ಒಂದೇ ಗಡಿಯಾರ ಬಿಚ್ಚಬೇಕು ಅಂತ ಕಟ್ಟಪ್ಪಣೆ ಮಾಡಿ, ಆ ಒಂದನ್ನು ಮಗಳಿಗೇ ಬಿಟ್ಟುಕೊಟ್ಟಳು.

ಇದನ್ನು ಓದಿದಾಗ ನನಗೆ ಬಬಲೇಶ್ವರದ ನನ್ನ ತವರುಮನೆ ನೆನಪಾಯಿತು. ಐದನೇ ಇಯತ್ತೆಯಲ್ಲಿದ್ದಾಗ ಅಪ್ಪನ ರೇಡಿಯೋ ಹಿಂದಿನ ಮುಚ್ಚಳ ತೆಗೆದಿದ್ದೆ. ಬೆನ್ನಿಗೆ ಎರಡು ಬಿದ್ದವು. ‘ಹೆಣ್ಣು ಹುಡುಗಿಗೆ ಯಾಕ ಬೇಕು ಇಂಥಾ ಉಸಾಬರಿ’ ಅಂದಳು ಅಜ್ಜಿ. ಅಪ್ಪನದಾಗಲೀ ಅಜ್ಜಿಯದಾಗಲೀ ತಪ್ಪು ಅಂತಲ್ಲ, ಆ ರೇಡಿಯೋ ಕೆಟ್ಟಿದ್ದರೆ ಇನ್ನೊಂದು ತರುವ ಅನುಕೂಲ ನಮಗಿರಲಿಲ್ಲ. ಆದರೂ ನಿಮ್ಮ ಮನೆಯಲ್ಲಿ ಕೆಟ್ಟು ಮೂಲೆ ಸೇರಿದ ಮಿಕ್ಸರೋ ಗಡಿಯಾರವೋ ಇದ್ದರೆ ಗುಜರಿಗೆ ಹಾಕುವ ಮೊದಲು ಒಂದು ವಾರ ಮಕ್ಕಳ ಕೈಗೆ ಕೊಡಿ. ಮಗನಿಗೆ ಮಾತ್ರ ಅಲ್ಲ, ಮಗಳಿಗೂ. ವೈರ್ ಮತ್ತು ಪ್ಲಗ್ ಕತ್ತರಿಸಿ ತೆಗೆದೇ ಕೊಡಿ, ಅದೊಂದನ್ನು ಮರೆಯಬೇಡಿ. ಹಳೇ ಟಿವಿಯನ್ನು ಮಾತ್ರ ಬಿಚ್ಚಲು ಕೊಡಬೇಡಿ, ಅದರೊಳಗೆ ಕರೆಂಟು ಉಳಿದುಕೊಂಡಿರುತ್ತದೆ.

ಗ್ರೇಸ್ ಕಾಲೇಜು ಪ್ರವೇಶದ ಮೊದಲ ಪ್ರಯತ್ನದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಫೇಲಾದಳು. ಮರುವರ್ಷ ಸೇರಿ ಗಣಿತ ಓದಿದಳು. 1930ರಲ್ಲಿ ಮದುವೆಯಾಯಿತು. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಬಂತು. ತಾನು ಓದಿದ ವಾಸರ್ ಕಾಲೇಜಿನಲ್ಲೇ ಮೇಡಂ ಆಗಿ ಪಾಠ ಹೇಳುತ್ತಿದ್ದಳು. ಅಷ್ಟಕ್ಕೇ ನಿಂತಿದ್ದರೆ ಅದೂ ಒಂದು ಒಳ್ಳೆಯ ಬದುಕೇ ಆಗಿತ್ತು, ನಾವು ನೀವು ಹೆಸರು ಕೇಳುತ್ತಿರಲಿಲ್ಲ ಅಷ್ಟೇ.

ಎರಡನೇ ಮಹಾಯುದ್ಧ ಬಂತು. ಗ್ರೇಸ್‌ಗೆ ನೌಕಾಪಡೆ ಸೇರುವ ಆಸೆ. ವಯಸ್ಸು ಜಾಸ್ತಿಯಾಯಿತು ಅಂದರು. ತೂಕ ಕಡಿಮೆಯಾಯಿತು ಅಂತಲೂ ಅಂದರು. ಆಕೆ ಇದ್ದದ್ದು 48 ಕಿಲೋದಷ್ಟು, ಬೇಕಾದದ್ದಕ್ಕಿಂತ ಏಳು ಕಿಲೋ ಕಡಿಮೆ. ಆಕೆ ಬಿಡಲಿಲ್ಲ. ವಿಶೇಷ ಅನುಮತಿ ತೆಗೆದುಕೊಂಡು 1943ರ ಡಿಸೆಂಬರ್‌ನಲ್ಲಿ ನೌಕಾಪಡೆಯ ಮಹಿಳಾ ಮೀಸಲು ದಳ ಸೇರಿದಳು. ತರಬೇತಿಯಲ್ಲಿ ತನಗಿಂತ ಎಷ್ಟೋ ಚಿಕ್ಕ ಹುಡುಗಿಯರ ನಡುವೆ ಮೊದಲ ಸ್ಥಾನ ಬಂತು. 1944ರ ಜುಲೈನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅಲ್ಲಿತ್ತು ‘ಮಾರ್ಕ್ ಒನ್’ ಎಂಬ ಲೆಕ್ಕದ ಯಂತ್ರ.

ಇವತ್ತು ನಿಮ್ಮ ಸೆರಗಿನ ಗಂಟಿನಲ್ಲಿ ಕೂರುವ ಮೊಬೈಲ್ ಅಂದುಕೊಳ್ಳಬೇಡಿ. ಆ ಯಂತ್ರ 51 ಅಡಿ ಉದ್ದ, 8 ಅಡಿ ಎತ್ತರ, ಐದು ಟನ್ ಭಾರ. ಕಟಕಟ ಸದ್ದು. ಅದಕ್ಕೆ ಏನು ಹೇಳಬೇಕಾದರೂ ಉದ್ದದ ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಹೇಳಬೇಕು. ಮೇಲಧಿಕಾರಿ ಹೊವಾರ್ಡ್ ಐಕೆನ್ ‘ಬಂದೆಯಾ, ಕೂತ್ಕೋ’ ಅಂತ ಕೂಡ ಅನ್ನದೆ, ಬಂದ ದಿನವೇ ಒಂದು ಕಷ್ಟದ ಲೆಕ್ಕ ಕೊಟ್ಟು ಬರುವ ಗುರುವಾರದೊಳಗೆ ಮುಗಿಸು ಅಂದರು. ಹೆಂಗಸಿನ ಪಕ್ಕದ ಮೇಜು ಯಾರಿಗೆ ಬರಬೇಕು ಅನ್ನುವುದಕ್ಕೆ ಗಂಡಸರು ಒಬ್ಬರಿಗೊಬ್ಬರು ಲಂಚ ಕೊಡಲು ನೋಡಿದ್ದರು ಎಂಬುದು ಆಕೆಗೆ ಆಮೇಲೆ ಗೊತ್ತಾಯಿತು. ಗ್ರೇಸ್ ಲೆಕ್ಕ ಮುಗಿಸಿದಳು. ಮುಂದೆ ಆ ಯಂತ್ರವನ್ನು ನಡೆಸುವುದು ಹೇಗೆಂದು 500 ಪುಟ ದಾಟಿದ ಕೈಪಿಡಿಯನ್ನೂ ಬರೆದಳು. ಮಿಕ್ಸರ್ ಜೊತೆ ಬರುವ ಆ ಪುಟ್ಟ ಪುಸ್ತಕವನ್ನೇ ನಾವು ಬಿಚ್ಚಿ ನೋಡುವುದಿಲ್ಲ, ಅಲ್ವಾ?

1947ರ ಸೆಪ್ಟೆಂಬರ್‌ನಲ್ಲಿ ಮುಂದಿನ ಯಂತ್ರ ‘ಮಾರ್ಕ್ ಟೂ’ ಒಂದು ದಿನ ನಿಂತುಹೋಯಿತು. ಹುಡುಕಿದರೆ ಒಳಗೊಂದು ಪತಂಗ ಸಿಕ್ಕಿಕೊಂಡು ಸತ್ತಿತ್ತು. ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿ, ನಿಜವಾದ ‘ಬಗ್’ ಸಿಕ್ಕ ಮೊದಲ ಪ್ರಕರಣ ಅಂತ ಬರೆದಿಟ್ಟರು. ಬಗ್ ಅಂದರೆ ಹುಳ. ಯಂತ್ರದ ದೋಷಕ್ಕೆ ಆ ಹೆಸರು ಮೊದಲೇ ಇತ್ತು. ಹುಳ ಹಿಡಿದದ್ದೂ ಗ್ರೇಸ್ ಅಲ್ಲ, ಆಕೆಯ ಜೊತೆಗಾರರು. ಆದರೆ ಈ ಕಥೆಯನ್ನು ಊರೂರಿಗೆ ಹೇಳಿ ನಗಿಸಿದವಳು ಆಕೆ. ಆ ಪುಟ ಹುಳದ ಸಮೇತ ಇವತ್ತಿಗೂ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ.

ಎಲ್ಲ ಸುಖವಾಗಿ ಸಾಗಿತು ಅಂದುಕೊಂಡಿರಾ? ಯುದ್ಧ ಮುಗಿದ ವರ್ಷವೇ, 1945ರಲ್ಲಿ, ವಿಚ್ಛೇದನವಾಯಿತು. ಮಕ್ಕಳಿರಲಿಲ್ಲ. ಹಾರ್ವರ್ಡ್‌ನಲ್ಲಿ ಹೆಂಗಸರಿಗೆ ಕಾಯಂ ಕೆಲಸದ ದಾರಿ ಇರಲಿಲ್ಲ, 1949ರಲ್ಲಿ ಅಲ್ಲಿಂದ ಹೊರಡಬೇಕಾಯಿತು. ವಯಸ್ಸು ನಲವತ್ತೆರಡು. ಆ ವರ್ಷಗಳಲ್ಲಿ ಕುಡಿತ ಆಕೆಗೆ ವಿಪರೀತ ಅಂಟಿಕೊಂಡಿತ್ತು ಅಂತ ಆಕೆಯ ಜೀವನ ಬರೆದವರು ದಾಖಲಿಸಿದ್ದಾರೆ. ಗೆಳೆಯರೇ ಎಚ್ಚರಿಸಬೇಕಾಯಿತು. ದೊಡ್ಡವರ ಕಥೆ ಹೇಳುವಾಗ ಇಂಥದ್ದನ್ನು ಮುಚ್ಚಿಡುವ ರೂಢಿ ನಮ್ಮಲ್ಲಿದೆ. ನನಗೇನೋ ಇದನ್ನು ಓದಿದ ಮೇಲೆಯೇ ಆಕೆ ಹತ್ತಿರದವಳು ಅನ್ನಿಸಿದ್ದು. ಅಷ್ಟೊಂದು ಓದಿದವಳೂ ಒಂದು ಹಂತದಲ್ಲಿ ಕುಸಿದು ಕೂತಿದ್ದಳಲ್ಲ!

ಅದೇ 1949ರಲ್ಲಿ ಫಿಲಡೆಲ್ಫಿಯಾದ ಒಂದು ಚಿಕ್ಕ ಕಂಪನಿಗೆ ಸೇರಿದಳು. ‘ಯುನಿವ್ಯಾಕ್’ ಎಂಬ ಕಂಪ್ಯೂಟರ್ ತಯಾರಿಸುತ್ತಿದ್ದ ಎಕರ್ಟ್ ಮತ್ತು ಮಾಕ್ಲಿಯವರ ಕಂಪನಿ ಅದು. ಆಕೆಯ ಹೆಸರು ಉಳಿಯುವಂಥ ಕೆಲಸ ಶುರುವಾದದ್ದು ಇಲ್ಲಿಂದ.

ಇದನ್ನು ನಮ್ಮ ಅಡುಗೆಮನೆಯ ಲೆಕ್ಕದಲ್ಲೇ ಹೇಳುತ್ತೇನೆ. ನಾವು ವರ್ಷಕ್ಕೊಮ್ಮೆ ಮಸಾಲೆ ಖಾರ ಕುಟ್ಟಿಸಿ ಡಬ್ಬಿ ತುಂಬಿಡುತ್ತೇವೆ. ಶೇಂಗಾ ಹಿಂಡಿ ಬೇರೆ, ಅಗಸಿ ಹಿಂಡಿ ಬೇರೆ. ಪಲ್ಯ ಮಾಡುವಾಗ ‘ಒಂದು ಚಮಚ ಮಸಾಲೆ ಖಾರ ಹಾಕು’ ಅಂದರೆ ಸೊಸೆಗೆ ತಿಳಿಯುತ್ತದೆ. ಅದರ ಬದಲು ಪ್ರತಿ ಸಲ ಪಲ್ಯಕ್ಕೂ ‘ಮೆಣಸಿನಕಾಯಿ ಒಣಗಿಸು, ತುಂಬು ಬಿಡಿಸು, ಕೊತ್ತಂಬರಿ ಬೀಜ ಹುರಿ...’ ಅಂತ ಮೊದಲಿನಿಂದ ಹೇಳಬೇಕಾದರೆ? ಅದೂ ಕನ್ನಡದಲ್ಲಲ್ಲ, ಬರೀ ಅಂಕಿಗಳಲ್ಲಿ! ಆ ಕಾಲದ ಕಂಪ್ಯೂಟರ್ ಕೆಲಸ ಹಾಗಿತ್ತು. ಪದೇಪದೇ ಬೇಕಾಗುವ ಲೆಕ್ಕದ ತುಣುಕುಗಳನ್ನು ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿರುತ್ತಿದ್ದರು. ಬೇಕಾದಾಗ ಒಬ್ಬರ ಪುಸ್ತಕದಿಂದ ಇನ್ನೊಬ್ಬರು ನಕಲು ಮಾಡಿಕೊಳ್ಳುವುದು. ನಕಲಿನಲ್ಲಿ ಒಂದು ಅಂಕಿ ತಪ್ಪಿದರೂ ಇಡೀ ಲೆಕ್ಕ ಹಾಳು.

ಗ್ರೇಸ್ ಯೋಚಿಸಿದಳು, ನಕಲು ಮಾಡುವುದರಲ್ಲಿ ಮನುಷ್ಯರು ತಪ್ಪುತ್ತಾರೆ, ಯಂತ್ರ ತಪ್ಪುವುದಿಲ್ಲ. ಹಾಗಿದ್ದರೆ ಆ ಕೆಲಸ ಯಂತ್ರಕ್ಕೇ ಯಾಕೆ ಕೊಡಬಾರದು? ಆ ತುಣುಕುಗಳನ್ನೆಲ್ಲ ಟೇಪಿನ ಮೇಲೆ ಸೇರಿಸಿ ಒಂದೊಂದಕ್ಕೂ ಒಂದು ನಂಬರ್ ಕೊಟ್ಟಳು, ಡಬ್ಬಿಗಳಿಗೆ ಚೀಟಿ ಅಂಟಿಸಿದ ಹಾಗೆ. ನಂಬರ್ ಬರೆದರೆ ಸಾಕು, ಯಂತ್ರವೇ ಆ ಡಬ್ಬಿ ಹುಡುಕಿ ತಂದು, ಸರಿಯಾದ ಜಾಗದಲ್ಲಿ ಜೋಡಿಸಿ, ಪೂರ್ತಿ ಪ್ರೋಗ್ರಾಂ ತಯಾರಿಸುತ್ತಿತ್ತು. 1952ರಲ್ಲಿ ಇದು ಕೆಲಸ ಮಾಡಿತು. ‘ಎ-ಜೀರೋ’ ಅಂತ ಹೆಸರಿಟ್ಟು, ಜೋಡಿಸಿ ಕೊಡುವುದರಿಂದ ಅದನ್ನು ‘ಕಂಪೈಲರ್’ ಅಂದಳು. ಇವತ್ತಿನ ಕಂಪೈಲರ್‌ಗಳು ಇನ್ನೂ ಬಹಳ ಹೆಚ್ಚಿನ ಕೆಲಸ ಮಾಡುತ್ತವೆ, ಆದರೆ ಆ ದಾರಿಯ ಮೊದಲ ಹೆಜ್ಜೆಗಳಲ್ಲಿ ಇದೂ ಒಂದು. ಆಗ ಮಾತ್ರ ಯಾರೂ ಹತ್ತಿರ ಸುಳಿಯಲಿಲ್ಲವಂತೆ. ಕಂಪ್ಯೂಟರ್ ಕೂಡು-ಕಳೆ ಮಾಡೀತೇ ಹೊರತು ಪ್ರೋಗ್ರಾಂ ಬರೆಯಲು ಬರುವುದಿಲ್ಲ ಅಂತ ತಿಳಿದವರೇ ಹೇಳುತ್ತಿದ್ದರು.

ಇಲ್ಲೊಂದು ತಮಾಷೆ ಇದೆ. ಆ ಕಾಲದ ಒಂದು ಯಂತ್ರಕ್ಕೆ ನಮ್ಮ ಹಾಗೆ ಹತ್ತರ ಲೆಕ್ಕ ಬರುತ್ತಿರಲಿಲ್ಲ, ಎಂಟರ ಲೆಕ್ಕ. ಅಂದರೆ ಏಳಾದ ಮೇಲೆ ಹತ್ತು! ಗ್ರೇಸ್ ಹಗಲೆಲ್ಲ ಆ ಲೆಕ್ಕದಲ್ಲೇ ಮುಳುಗಿರುತ್ತಿದ್ದಳು. ಆಗ ಆಕೆಯ ಬ್ಯಾಂಕಿನ ಲೆಕ್ಕ ಮೂರು ತಿಂಗಳಾದರೂ ತಾಳೆಯಾಗಲಿಲ್ಲ. ಕೊನೆಗೆ ಬ್ಯಾಂಕಿನಲ್ಲಿದ್ದ ತಮ್ಮ ನೋಡಿ ಪತ್ತೆ ಹಚ್ಚಿದ. ಅಕ್ಕ ಚೆಕ್‌ಬುಕ್ಕಿನಲ್ಲೂ ಆಗಾಗ ಎಂಟರ ಲೆಕ್ಕದಲ್ಲಿ ಕಳೆಯುತ್ತಿದ್ದಳು! ಯಂತ್ರದ ಭಾಷೆ ಮನುಷ್ಯ ಕಲಿಯುತ್ತ ಹೋದರೆ ಮನೆ ಲೆಕ್ಕವೂ ಕೆಡುತ್ತದೆ ಅನ್ನುವುದನ್ನು ಆಕೆ ಸ್ವಂತ ಖರ್ಚಿನಲ್ಲಿ ಕಲಿತಳು ಅನ್ನಿ. ಯಂತ್ರವೇ ನಮ್ಮ ಕಡೆಗೆ ಬರಬೇಕು ಅನ್ನುವ ಹಟ ಗಟ್ಟಿಯಾದದ್ದು ಇಂಥ ಅನುಭವಗಳಿಂದ.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಅಂಗಡಿ, ವಿಮೆ, ಸಂಬಳದ ಲೆಕ್ಕ ಬರೆಯುವವರಿಗೆ ಗಣಿತದ ಚಿಹ್ನೆಗಳೆಂದರೆ ಆಗುತ್ತಿರಲಿಲ್ಲ. ಅವರಿಗೆ ಪದಗಳು ಬೇಕು. ಹಾಗಿದ್ದರೆ ಪದಗಳಲ್ಲೇ ಪ್ರೋಗ್ರಾಂ ಬರೆಯುವಂತಾಗಲಿ ಅಂದಳು ಗ್ರೇಸ್. ಕಂಪ್ಯೂಟರ್‌ಗೆ ಇಂಗ್ಲಿಷ್ ಬರುವುದಿಲ್ಲ, ಅದು ಸಾಧ್ಯವೇ ಇಲ್ಲ ಅಂತ ಆಡಳಿತದವರು ತಳ್ಳಿಹಾಕಿದರು. ಆಕೆ ಒಂದು ಪುಟ್ಟ ನಮೂನೆ ಮಾಡಿ ತೋರಿಸಿದಳು. ಅಷ್ಟಕ್ಕೇ ಸುಮ್ಮನಿದ್ದರೆ ಆಗಿತ್ತು. ಅದೇ ಪ್ರೋಗ್ರಾಮನ್ನು ಇಂಗ್ಲಿಷ್ ಪದ ತೆಗೆದು ಫ್ರೆಂಚ್‌ನಲ್ಲಿ, ಆಮೇಲೆ ಜರ್ಮನ್‌ನಲ್ಲಿ ನಡೆಸಿ ತೋರಿಸಿದಳು. ಯಂತ್ರಕ್ಕೆ ಯಾವ ಭಾಷೆಯಾದರೇನು, ಎಲ್ಲವೂ ಗುರುತುಗಳೇ ತಾನೇ! ದೊಡ್ಡವರು ಖುಷಿಪಡುವ ಬದಲು ಗಾಬರಿಯಾದರು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ತಯಾರಾದ ಮಾನವಂತ ಯಂತ್ರಕ್ಕೆ ಫ್ರೆಂಚ್, ಜರ್ಮನ್ ತಿಳಿಯುವುದೇ? ಇಂಗ್ಲಿಷ್ ಒಂದಕ್ಕೇ ಇರಿ ಅಂತ ತಾಕೀತಾಯಿತು. ಆಕೆ ಇದನ್ನು ಮುಪ್ಪಿನಲ್ಲೂ ನಗುತ್ತ ಹೇಳುತ್ತಿದ್ದಳು. ನನಗೆ ಮಾತ್ರ ನಗುವಿನ ಜೊತೆ ಒಂದು ಚೂರು ಹೊಟ್ಟೆ ಉರಿಯಿತು. ಅಂದು ಆ ಬಾಗಿಲು ಮುಚ್ಚದಿದ್ದರೆ?

ಹಾಗೆ ಬಂದದ್ದು ‘ಫ್ಲೋಮ್ಯಾಟಿಕ್’ ಎಂಬ ಭಾಷೆ. ಆಗ ಒಂದೊಂದು ಕಂಪನಿಯ ಯಂತ್ರಕ್ಕೂ ಒಂದೊಂದು ಭಾಷೆ ಇತ್ತು. ಯಂತ್ರ ಬದಲಾದರೆ ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಎಲ್ಲ ಯಂತ್ರಕ್ಕೂ ಒಪ್ಪುವ ಒಂದೇ ವ್ಯವಹಾರದ ಭಾಷೆ ಬೇಕು ಅಂತ ಮೊದಲು ಮಾತೆತ್ತಿದವಳು ಮೇರಿ ಹಾವ್ಸ್ ಎಂಬ ಇನ್ನೊಬ್ಬ ಹೆಂಗಸು. 1959ರ ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿಯಲ್ಲಿ ಸಭೆ ಕೂಡಿತು, ಸಮಿತಿಯಾಯಿತು. ಹುಟ್ಟಿದ ಭಾಷೆಗೆ ‘ಕೊಬಾಲ್’ ಅಂತ ಹೆಸರು. ಗ್ರೇಸ್ ಒಬ್ಬಳೇ ಕೊಬಾಲ್ ಮಾಡಿದಳು ಅಂತ ಕೆಲವರು ಬರೆಯುತ್ತಾರೆ, ಅದು ಸರಿಯಲ್ಲ. ಆಕೆ ಸಲಹೆಗಾರ್ತಿ. ಕೂತು ರಚಿಸಿದವರಲ್ಲಿ ಜೀನ್ ಸ್ಯಾಮೆಟ್, ಗರ್ಟ್ರೂಡ್ ಟಿಯರ್ನಿ ಎಂಬ ಹೆಣ್ಣುಮಕ್ಕಳೂ ಇದ್ದರು. ಆದರೆ ಅದಕ್ಕೆ ತಳಪಾಯವಾದದ್ದು ಗ್ರೇಸ್‌ಳ ಫ್ಲೋಮ್ಯಾಟಿಕ್. ಅದಕ್ಕೇ ಆಕೆಯನ್ನು ‘ಕೊಬಾಲ್‌ನ ಅಜ್ಜಿ’ ಅನ್ನುತ್ತಾರೆ. ಅಜ್ಜಿ ಅನ್ನುವುದೇ ಸರಿ, ಹೆತ್ತವಳಲ್ಲ, ಆದರೆ ಅವಳಿಲ್ಲದೆ ಕೂಸೂ ಇಲ್ಲ. ಸಮಿತಿಯ ನಿಧಾನಕ್ಕೆ ಬೇಸತ್ತ ಒಬ್ಬರು ‘ಕೊಬಾಲ್’ ಅಂತ ಕೆತ್ತಿಸಿದ ಗೋರಿಕಲ್ಲನ್ನೇ ಕೊಂಡು ಸಭೆಯ ಮುಖ್ಯಸ್ಥರಿಗೆ ಕಳಿಸಿಕೊಟ್ಟಿದ್ದರು. ಕೂಸು ಸಾಯಲಿಲ್ಲ!

ಹೇಗಿರುತ್ತದೆ ಆ ಭಾಷೆ? ‘ಮಲ್ಟಿಪ್ಲೈ ಅವರ್ಸ್ ಬೈ ರೇಟ್ ಗಿವಿಂಗ್ ಪೇ.’ ಅಷ್ಟೇ. ತಾಸನ್ನು ದರದಿಂದ ಗುಣಿಸು, ಬಂದದ್ದು ಪಗಾರ. ಓದಿದರೇ ತಿಳಿಯುತ್ತದಲ್ಲವೇ? ಬ್ಯಾಂಕು, ವಿಮೆ, ಸರ್ಕಾರಿ ಸಂಬಳ, ಪಿಂಚಣಿ, ಹೀಗೆ ಜಗತ್ತಿನ ವ್ಯವಹಾರದ ಬಹುಪಾಲು ಲೆಕ್ಕ ಬಹಳ ವರ್ಷ ಈ ಭಾಷೆಯಲ್ಲೇ ನಡೆಯಿತು. ಇಂದಿಗೂ ದೊಡ್ಡ ದೊಡ್ಡ ಬ್ಯಾಂಕುಗಳ ಒಳಗೆ ಅದು ದುಡಿಯುತ್ತಿದೆ. 2020ರಲ್ಲಿ ಕೊರೊನಾದಿಂದ ಕೆಲಸ ಕಳಕೊಂಡವರ ಅರ್ಜಿಗಳು ಮುಗಿಬಿದ್ದಾಗ, ಹಳೆಯ ಕಂಪ್ಯೂಟರ್ ವ್ಯವಸ್ಥೆ ಸರಿಪಡಿಸಲು ಕೊಬಾಲ್ ಬಲ್ಲವರು ಬೇಕಾಗಿದ್ದಾರೆ ಅಂತ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಬಹಿರಂಗವಾಗಿ ಕೇಳಬೇಕಾಯಿತು. ಅದಕ್ಕೂ ಮೊದಲು, 1999ರಲ್ಲಿ ‘ವೈ-ಟೂ-ಕೆ’ ಗಲಾಟೆ ನೆನಪಿದೆಯೇ? ಜಾಗ ಉಳಿಸಲು ಹಳೆಯ ಪ್ರೋಗ್ರಾಂಗಳಲ್ಲಿ ಇಸವಿಗೆ ಎರಡೇ ಅಂಕಿ ಬಳಸಿದ್ದರು. 2000 ಬಂದರೆ ಯಂತ್ರ ಅದನ್ನು 1900 ಅಂದುಕೊಳ್ಳುವ ಭಯ. ಆ ಹಳೆಯ ಕೊಬಾಲ್ ಪ್ರೋಗ್ರಾಂಗಳನ್ನು ಸಾಲುಸಾಲಾಗಿ ತಿದ್ದುವ ಕೆಲಸ ಬೆಂಗಳೂರಿನ ಕಂಪನಿಗಳಿಗೂ ಹರಿದು ಬಂತು. ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳು ಆ ದಿನಗಳಲ್ಲಿ ಬೆಂಗಳೂರಿನ ಗಾಡಿ ಹತ್ತಿದ್ದನ್ನು ನೀವೂ ನೋಡಿರುತ್ತೀರಿ.

ಗ್ರೇಸ್ 1966ರ ಕೊನೆಗೆ ನೌಕಾಪಡೆಯಿಂದ ನಿವೃತ್ತಳಾದಳು. ವಯಸ್ಸು ಅರವತ್ತು. ಏಳು ತಿಂಗಳಲ್ಲೇ ಮತ್ತೆ ಕರೆ ಬಂತು, ಪಡೆಯ ಕಂಪ್ಯೂಟರ್ ಭಾಷೆಗಳನ್ನೆಲ್ಲ ಒಂದು ಹದಕ್ಕೆ ತರಬೇಕು, ಆರು ತಿಂಗಳ ಮಟ್ಟಿಗೆ ಬನ್ನಿ ಅಂತ. ಆ ಆರು ತಿಂಗಳು ಹತ್ತೊಂಬತ್ತು ವರ್ಷವಾಯಿತು! ಭಾಷಣಕ್ಕೆ ಹೋದಲ್ಲೆಲ್ಲ ಒಂದು ಅಡಿಗೆ ಸ್ವಲ್ಪ ಕಡಿಮೆ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದಳು. ಬೆಳಕು ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ಸಾಗುವ ದೂರ ಅದು, ನ್ಯಾನೊಸೆಕೆಂಡ್. ಆಮೇಲೆ ಒಂದು ದೊಡ್ಡ ತಂತಿಯ ಸುರುಳಿ ಎತ್ತಿ ತೋರಿಸುತ್ತಿದ್ದಳು. ಅದು ಮೈಕ್ರೋಸೆಕೆಂಡ್, 300 ಮೀಟರ್. ನಮ್ಮ ಗೋಲ ಗುಮ್ಮಟದ ಎತ್ತರ ಸುಮಾರು 51 ಮೀಟರ್. ಅದರ ಮೇಲೆ ಇನ್ನೂ ಐದು ಗುಮ್ಮಟ ಪೇರಿಸಿದರೆ ಆಗುವಷ್ಟು ಉದ್ದ. ಕಣ್ಣಿಗೆ ಕಾಣದ್ದನ್ನು ಕೈಗೆ ಕೊಟ್ಟು ಕಲಿಸುವುದು ಅಂದರೆ ಇದು. ನನ್ನ ಕ್ಲಾಸಿನ ಆ ಹುಡುಗ ಹೀಗೇನಾದರೂ ಕಲಿಸಿದ್ದರೆ!

ಆಕೆಯ ಕಚೇರಿಯ ಗಡಿಯಾರ ಹಿಂದುಮುಂದಾಗಿ ತಿರುಗುತ್ತಿತ್ತು. ‘ಮೊದಲಿನಿಂದ ಹೀಗೇ ಮಾಡಿಕೊಂಡು ಬಂದಿದ್ದೇವೆ’ ಅನ್ನುವವರಿಗೆ ತೋರಿಸಲು ಅದು. 1986ರ ಆಗಸ್ಟ್‌ನಲ್ಲಿ, ಎಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತಳಾದಳು. ಮನೆಯಲ್ಲಿ ಕೂರದೆ ಇನ್ನೊಂದು ಕಂಪ್ಯೂಟರ್ ಕಂಪನಿಗೆ ಸಲಹೆಗಾರ್ತಿಯಾಗಿ ಸೇರಿದಳು. ತೀರಿಕೊಂಡದ್ದು 1992ರ ಜನವರಿ 1ರಂದು. ನೌಕಾಪಡೆಯ ಒಂದು ಯುದ್ಧನೌಕೆಗೆ ಆಕೆಯ ಹೆಸರಿದೆ. 2016ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವನ್ನು ಮರಣೋತ್ತರವಾಗಿ ಕೊಟ್ಟರು.

ಅದೆಲ್ಲ ಸರಿ, ಇಂಗ್ಲಿಷ್‌ನ ಮಾತಾಯಿತು, ನಮ್ಮ ಕನ್ನಡ? ಫ್ರೆಂಚ್, ಜರ್ಮನ್ನೇ ಬೇಡ ಅಂದ ಲೋಕದಲ್ಲಿ ಕನ್ನಡವನ್ನು ಕಂಪ್ಯೂಟರಿಗೆ ತಂದವರು ಯಾರು ಅಂತ ಕೇಳುತ್ತೀರಿ ಅಲ್ವಾ? ಹಲವರು ದುಡಿದಿದ್ದಾರೆ. ಅವರಲ್ಲಿ ನಾನು ದಿನವೂ ನೆನೆಯುವವರು ಕೆ.ಪಿ. ರಾವ್. ಮಂಗಳೂರು ಹತ್ತಿರದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದವರು. ಅವರು ಮಾಡಿದ್ದು ಪ್ರೋಗ್ರಾಂ ಭಾಷೆಯಲ್ಲ, ಕೀಲಿಮಣೆ. ಆದರೆ ಹಟ ಅದೇ, ಯಂತ್ರ ನಮ್ಮ ಕಡೆಗೆ ಬರಬೇಕು. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕನ್ನಡದ ರೂಪಗಳು ಸಾವಿರಾರು. ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರಗಳ ಗುಂಡಿ ಇಪ್ಪತ್ತಾರೇ. ಅವರು ಅಕ್ಷರದ ಆಕಾರ ನೋಡದೆ ಧ್ವನಿ ಹಿಡಿದರು. ‘ಕೆ’ ಒತ್ತಿದರೆ ಕ, ‘ಎಂ’ ಒತ್ತಿದರೆ ಮ. ಎರಡು ವ್ಯಂಜನ ಕೂಡಿಸಲು ನಡುವೆ ‘ಎಫ್’. ಅಷ್ಟೇ ಗುಟ್ಟು. ತಮ್ಮ ತಂತ್ರಾಂಶಕ್ಕೆ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಅಂತ ಹೆಸರಿಟ್ಟು, ಈ ವಿನ್ಯಾಸವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ನುಡಿ, ಬರಹ ಎರಡರಲ್ಲೂ ಇದೇ ದಾರಿ. ರಾಜ್ಯ ಸರ್ಕಾರವೂ ಇದನ್ನೇ ಒಪ್ಪಿತು.

ನೀವೂ ಕಲಿಯಿರಿ, ಕಷ್ಟವಿಲ್ಲ. ಮೊದಲ ದಿನ ‘ಅವ್ವ’ ಬರೆಯಿರಿ. ಎ, ವಿ, ಎಫ್, ವಿ. ಬಂತೇ? ಆಮೇಲೆ ‘ಅಕ್ಕ’. ಟ ಬೇಕಾದರೆ ‘ಕ್ಯೂ’, ಡ ಬೇಕಾದರೆ ‘ಡಬ್ಲ್ಯೂ’, ದೀರ್ಘ ಬೇಕಾದರೆ ಶಿಫ್ಟ್ ಹಿಡಿದು ಅದೇ ಸ್ವರ. ಳ, ಣ, ಶ ಇವಕ್ಕೂ ಶಿಫ್ಟ್ ಹಿಡಿದೇ ‘ಎಲ್’, ‘ಎನ್’, ‘ಎಸ್’. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮಧ್ಯಾಹ್ನ ಧಾರಾವಾಹಿಯ ನಡುವೆ ಬರುವ ಜಾಹೀರಾತುಗಳ ಹೊತ್ತನ್ನು ಕೂಡಿಸಿದರೇ ಅಷ್ಟಾಗುತ್ತದೆ! ಒಂದೇ ಎಚ್ಚರಿಕೆ, ಬರೆಯುವಾಗ ‘ಯುನಿಕೋಡ್’ ಅಂತ ಆಯ್ಕೆ ಮಾಡಿಕೊಳ್ಳಿ. ಹಳೆಯ ಫಾಂಟಿನಲ್ಲಿ ಬರೆದು ಕಳಿಸಿದರೆ ಇನ್ನೊಬ್ಬರ ಮೊಬೈಲಿನಲ್ಲಿ ಕನ್ನಡ ಹೋಗಿ ಕಾಗೆ ಕಾಲು ಗುಬ್ಬಿ ಕಾಲು ಕಾಣಿಸುತ್ತದೆ. ನನ್ನ ಮೊದಲ ಲೇಖನ ಹಾಗೇ ಹೋಗಿ ಮಾನ ಕಳೆದಿತ್ತು. ಇನ್ನೊಂದು, ಕಲಿತದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮದೇ ಮಾತಿನಲ್ಲಿ ಬರೆದಿಡಿ. ‘ಸೇವ್ ಮಾಡಿದ್ದು ಎಲ್ಲಿ ಹೋಯಿತು’ ಅಂತಲೂ ಬರೆದಿಡಿ. ಮಗ ಹತ್ತು ಸಲ ಹೇಳಲಿಕ್ಕಿಲ್ಲ, ನೋಟ್‌ಬುಕ್ ನೂರು ಸಲ ಹೇಳುತ್ತದೆ.

ಇನ್ನು ನಾದಿನಿಯ ವಿಷಯಕ್ಕೆ ಬರುತ್ತೇನೆ. ತಿಕೋಟಾದಲ್ಲಿ ಅವರದು ದ್ರಾಕ್ಷಿ ತೋಟ. ಚಾಟ್ನಿ ಹೊತ್ತಿಗೆ, ಒಣದ್ರಾಕ್ಷಿ ಶೆಡ್ಡಿನ ಹೊತ್ತಿಗೆ ಕೆಲಸಕ್ಕೆ ಬರುವ ಹೆಣ್ಣಾಳುಗಳ ಹಾಜರಿ, ಅಡ್ವಾನ್ಸ್, ಪಗಾರ ಎಲ್ಲ ಇವಳೇ ನೋಡಬೇಕು. ಉದ್ದನೆಯ ಹಾಜರಿ ಪುಸ್ತಕ, ಶನಿವಾರ ರಾತ್ರಿ ಹನ್ನೊಂದರವರೆಗೆ ಕೂಡು-ಕಳೆ, ಒಮ್ಮೊಮ್ಮೆ ಆಳುಗಳ ಜೊತೆ ಜಗಳ. ಕರ್ಚಿಕಾಯಿ ಕರಿದು ಮುಗಿದ ಮೇಲೆ ಅವಳನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿದೆ. ಎಕ್ಸೆಲ್‌ನಲ್ಲಿ ಕನ್ನಡದಲ್ಲೇ ತಲೆಬರಹ ಹಾಕಿದೆವು, ಹೆಸರು, ದಿನ, ದರ, ಅಡ್ವಾನ್ಸ್, ಕೊಡೋದು. ದಿನವನ್ನು ದರದಿಂದ ಗುಣಿಸು, ಅಡ್ವಾನ್ಸ್ ಕಳೆ. ಒಂದು ಸಾಲಿಗೆ ಹೇಳಿಕೊಟ್ಟದ್ದನ್ನು ಕೆಳಗೆ ಎಳೆದೊಡನೆ ಇಪ್ಪತ್ಮೂರು ಹೆಣ್ಣುಮಕ್ಕಳ ಪಗಾರ ಒಮ್ಮೆಲೇ ಬಂತು. ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. ‘ಇಷ್ಟ ಏನ್ರಿ?’

ಊರಿಗೆ ಹೋಗುವಾಗ ನೆನಪಿಗೆಂದು ಗ್ರೇಸ್‌ಳ ಹುಳದ ಕಥೆಯನ್ನೂ ಹೇಳಿ ಕಳಿಸಿದೆ. ಹದಿನೈದು ದಿನ ಸುದ್ದಿಯಿಲ್ಲ. ಒಂದು ಶನಿವಾರ ರಾತ್ರಿ ಫೋನ್ ಬಂತು, ಅಡ್ವಾನ್ಸ್ ಒಟ್ಟು ಮೊತ್ತದಲ್ಲಿ ಐನೂರು ರೂಪಾಯಿ ಕಡಿಮೆ ತೋರಿಸುತ್ತಿದೆ, ಯಂತ್ರ ಕೆಟ್ಟಿದೆ ಅಂತ. ನನಗೂ ತಿಳಿಯಲಿಲ್ಲ. ನಾಳೆ ನೋಡೋಣ ಅಂದು ಮಲಗಿದೆ. ಬೆಳಿಗ್ಗೆ ಆರಕ್ಕೇ ಮತ್ತೆ ಫೋನು.

‘ವೈನಿ, ಹುಳ ಸಿಕ್ತ್ರಿ! ಒಂದು ಮನಿಯೊಳಗ ಐನೂರರ ಮುಂದ “ರೂ.” ಅಂತ ಬರದಿದ್ದೆ. ಅದು ಲೆಕ್ಕ ಅಲ್ಲ, ಮಾತು ಅಂತ ತಿಳಕೊಂಡು ಯಂತ್ರ ಅದನ್ನ ಬಿಟ್ಟಿತ್ತು. “ರೂ.” ತಗದೆ, ಸರಿ ಬಂತು. ನೋಟ್‌ಬುಕ್ಕಿನ್ಯಾಗ ತಾರೀಖು ಹಾಕಿ ಬರದಿಟ್ಟೀನಿ.’